ನೋವು ನನ್ನದು, ಕಥೆ ಯಾರದು?

ಹದಿನೈದು ವರ್ಷಗಳ ಹಿಂದಿನ ಮಾತು. ಕ್ರಿಸ್ತಜಯಂತಿಯ ನಂತರದ ಭಾನುವಾರ, ಪವಿತ್ರ ಕುಟುಂಬದ ಹಬ್ಬ. ಅಂದಿನ ಪ್ರಬೋಧನೆಯಲ್ಲಿ ನಾನು ಒಂದು ಮುರಿದ ಸಂಸಾರದ ಕಥೆಯನ್ನು ಹೇಳಿದೆ. ಹಿಂದೆ ನಾನು ಸೇವೆ ಸಲ್ಲಿಸಿದ್ದ, ಬಹುದೂರದ ಧರ್ಮಕೇಂದ್ರವೊಂದರಲ್ಲಿ ನಡೆದ ಘಟನೆ ಅದು. ಊರಿನ ಹೆಸರನ್ನಾಗಲಿ ವ್ಯಕ್ತಿಗಳ ಹೆಸರನ್ನಾಗಲಿ ಹೇಳಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ ವಿಷಯವೂ ಅದಾಗಿರಲಿಲ್ಲ. ಆ ಮನೆಯ ಯಜಮಾನ ಗುರುಮನೆಯ ಜಗಲಿಯಲ್ಲಿ ಕುಳಿತು, ಕಣ್ಣೀರಿಡುತ್ತಾ ಹೇಳಿಕೊಂಡದ್ದು. ಹೆಂಡತಿ ಒಂದು ಬೆಳಗಿನ ಜಾವ, ಮಕ್ಕಳು ಇನ್ನೂ ಮಲಗಿರುವಾಗಲೇ, ಒಂದು ಪೆಟ್ಟಿಗೆ ಹಿಡಿದು ಮನೆ ಬಿಟ್ಟು ಹೋದಳು. ಗೋಡೆಯ ಮೊಳೆಯಲ್ಲಿ ಅವಳ ಜಪಸರ ಮಾತ್ರ ತೂಗುತ್ತಿತ್ತು. ಇಷ್ಟು ಹೇಳುವಷ್ಟರಲ್ಲಿ ಕೆಲವರ ಕಣ್ಣುಗಳು ಒದ್ದೆಯಾದವು. ಪ್ರಬೋಧನೆ ಚೆನ್ನಾಗಿ ಆಯಿತೆಂದು ನನಗೂ ಅನ್ನಿಸಿತು.

ಬಲಿಪೂಜೆ ಮುಗಿದ ಮೇಲೆ ಸುಮಾರು ಇಪ್ಪತ್ತು ವರ್ಷದ ಹೆಣ್ಣುಮಗಳೊಬ್ಬಳು ದೇವಾಲಯದ ಪಕ್ಕದ ಬಾಗಿಲಲ್ಲಿ ಕಾದು ನಿಂತಿದ್ದಳು. ಕ್ರಿಸ್ಮಸ್ ರಜೆಗೆಂದು ಚಿಕ್ಕಮ್ಮನ ಮನೆಗೆ ಬಂದವಳು. "ಫಾದರ್, ನೀವು ಹೇಳಿದ್ದು ನಮ್ಮ ಮನೆಯ ಕಥೆ" ಎಂದಳು. ನಾನು ತಡವರಿಸುತ್ತಾ, "ಹೆಸರು ಹೇಳಲಿಲ್ಲವಲ್ಲ ಮಗಳೇ" ಎಂದೆ. "ಹೆಸರು ಯಾಕೆ ಫಾದರ್, ಆ ಜಪಸರ ಈಗ ನನ್ನ ಹತ್ತಿರವೇ ಇದೆ. ನೀವು ಹೇಳಿದ್ದು ಅಪ್ಪ ಹೇಳುವ ಕಥೆ. ಅಮ್ಮನ ಕಥೆಯನ್ನು ನೀವು ಯಾವತ್ತಾದರೂ ಕೇಳಿದ್ದೀರಾ?" ಎಂದಳು.

ನಾನು ಕೇಳಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನನಗೆ ಬಂದ ನೋವನ್ನು ಹೇಳಿಕೊಳ್ಳುವ ಹಕ್ಕು ನನಗೆ ಉಂಟು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ನೋವಿನ ಕಥೆಯಲ್ಲಿ ಇನ್ನೊಬ್ಬರೂ ಇದ್ದಾರಲ್ಲ? ಅವರ ಪಾಲನ್ನು ಹೇಳುವ ಹಕ್ಕನ್ನು ನನಗೆ ಕೊಟ್ಟವರು ಯಾರು? ಈ ವಿಚಾರವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದಾಗ, ಗುರುಮಠದ ದಿನಗಳಲ್ಲಿ ಕೇಳಿದ್ದ ಒಂದು ಧ್ವನಿಸುರುಳಿ ನೆನಪಿಗೆ ಬಂತು. ನನ್ನ ಸಹಪಾಠಿಯೊಬ್ಬರು ಗಿಟಾರ್ ನುಡಿಸುತ್ತಿದ್ದರು. ಅವರ ಬಳಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ 'ಬ್ಲಡ್ ಆನ್ ದ ಟ್ರ್ಯಾಕ್ಸ್' ಎಂಬ ಆಲ್ಬಮ್ ಇತ್ತು. ರಾಗಗಳು ಇಷ್ಟವಾಗಿದ್ದವು. ಅದರ ಹಿಂದೆ ಒಂದು ಮನೆ ಮುರಿಯುತ್ತಿತ್ತೆಂಬುದು ಆಗ ನಮ್ಮ ಗಮನಕ್ಕೆ ಬಂದಿರಲಿಲ್ಲ.

ಒಂದು ಸಂಸಾರ, ಹತ್ತು ಹಾಡುಗಳು

ಡಿಲನ್ ಅವರ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತವೇ. 1941ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ಪಟ್ಟಣದಲ್ಲಿ, ಯೆಹೂದಿ ಕುಟುಂಬದಲ್ಲಿ ಜನಿಸಿದವರು. ಜನಪದ ಗೀತೆಯ ಸರಳ ಮಟ್ಟುಗಳಿಗೆ ರಾಕ್ ಸಂಗೀತದ ವಿದ್ಯುತ್ ಗಿಟಾರ್ ಮತ್ತು ತಾಳವಾದ್ಯಗಳನ್ನು ಕೂಡಿಸಿದ 'ಫೋಕ್ ರಾಕ್' ಎಂಬ ಶೈಲಿಯನ್ನು ಬೆಳೆಸಿದವರಲ್ಲಿ ಪ್ರಮುಖರು. 2016ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪ್ರಶಸ್ತಿ ಪಡೆದರು. 1997ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಬೊಲೋನ್ಯಾ ನಗರದಲ್ಲಿ ಜರುಗಿದ ಪರಮಪ್ರಸಾದ ಮಹಾಸಮ್ಮೇಳನದಲ್ಲಿ ಅವರು ಎರಡನೇ ಜಾನ್ ಪೌಲ್ ಜಗದ್ಗುರುಗಳ ಸಮ್ಮುಖದಲ್ಲಿ ಹಾಡಿದರು. ಗಾಳಿಯನ್ನು ಕುರಿತ ಅವರ ಪ್ರಸಿದ್ಧ ಗೀತೆಯನ್ನೇ ಎತ್ತಿಕೊಂಡು ಜಗದ್ಗುರುಗಳು ಪವಿತ್ರಾತ್ಮರ ಉಸಿರಿನ ಬಗ್ಗೆ ಯುವಜನರಿಗೆ ಬೋಧಿಸಿದರು.

ಡಿಲನ್ 1965ರ ನವೆಂಬರ್ 22ರಂದು ಸಾರಾ ಎಂಬವರನ್ನು ವಿವಾಹವಾದರು. ಸಾರಾ ಅವರಿಗೆ ಮೊದಲ ಮದುವೆಯಿಂದ ಒಬ್ಬ ಮಗಳಿದ್ದಳು. ಆ ಮಗುವನ್ನು ಡಿಲನ್ ತಮ್ಮದಾಗಿ ಸ್ವೀಕರಿಸಿದರು. ದಂಪತಿಗೆ ಮತ್ತೆ ನಾಲ್ವರು ಮಕ್ಕಳಾದರು. 1966ರಲ್ಲಿ ಮೋಟಾರ್ ಸೈಕಲ್ ಅಪಘಾತವಾದ ಬಳಿಕ ಅವರು ಊರೂರು ತಿರುಗುವ ಕಛೇರಿಗಳನ್ನು ನಿಲ್ಲಿಸಿ, ಹೆಂಡತಿ ಮಕ್ಕಳೊಂದಿಗೆ ಹೆಚ್ಚುಕಡಿಮೆ ಏಳೆಂಟು ವರ್ಷ ಮನೆವಾಳ್ತೆಯ ಬದುಕು ನಡೆಸಿದರು. 1974ರ ಆರಂಭದಲ್ಲಿ ಮತ್ತೆ ಸಂಗೀತ ಪ್ರವಾಸ ಹೊರಟರು. ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ನಾರ್ಮನ್ ರೇಬನ್ ಎಂಬ ಹಿರಿಯ ಕಲಾವಿದರ ಬಳಿ ಚಿತ್ರಕಲೆ ಕಲಿಯಲು ಸೇರಿದರು. ಆ ಪಾಠ ತಮ್ಮ ನೋಡುವ ರೀತಿಯನ್ನೇ ಬದಲಿಸಿತು, ಅಲ್ಲಿಂದ ಮುಂದೆ ತಮ್ಮ ಮಾತು ಹೆಂಡತಿಗೆ ಅರ್ಥವಾಗದಾಯಿತು, ಸಂಸಾರ ಒಡೆಯತೊಡಗಿದ್ದು ಆಗಲೇ ಎಂದು ಡಿಲನ್ ಮುಂದೆ ಹೇಳಿಕೊಂಡಿದ್ದಾರೆ. ಸಂಸಾರಗಳು ದೊಡ್ಡ ಅಪರಾಧಗಳಿಂದ ಮಾತ್ರ ಒಡೆಯುವುದಿಲ್ಲ. ಒಂದೇ ಮನೆಯಲ್ಲಿ ಎರಡು ಭಾಷೆ ಹುಟ್ಟಿಕೊಂಡಾಗಲೂ ಒಡೆಯುತ್ತವೆ. ಗುರುವಾಗಿ ನಾನು ಇದನ್ನು ಅನೇಕ ಬಾರಿ ಕಂಡಿದ್ದೇನೆ.

ಆ ಬೇಸಿಗೆಯಲ್ಲಿ ಅವರು ಪುಟ್ಟ ಕೆಂಪು ನೋಟ್‌ಬುಕ್ಕಿನಲ್ಲಿ ಹಾಡುಗಳನ್ನು ಬರೆದರು. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣವಾಯಿತು. ಬಿಡುಗಡೆಗೆ ಕೆಲವೇ ವಾರಗಳಿರುವಾಗ ಅವರಿಗೆ ಸಮಾಧಾನವಿಲ್ಲದಾಯಿತು. ತಮ್ಮನ ಸಲಹೆಯಂತೆ ಡಿಸೆಂಬರ್ 27 ಮತ್ತು 30ರಂದು ಮಿನಿಯಾಪೊಲಿಸ್‌ನಲ್ಲಿ ಸ್ಥಳೀಯ ವಾದ್ಯಗಾರರೊಡನೆ ಐದು ಹಾಡುಗಳನ್ನು ಮತ್ತೆ ಮುದ್ರಿಸಿದರು. ಹೊದಿಕೆ ಅದಾಗಲೇ ಅಚ್ಚಾಗಿದ್ದುದರಿಂದ ಆ ವಾದ್ಯಗಾರರ ಹೆಸರುಗಳು ಅದರಲ್ಲಿ ಬರಲಿಲ್ಲ. 1975ರ ಜನವರಿ 20ರಂದು ಹತ್ತು ಹಾಡುಗಳ ಆ ಆಲ್ಬಮ್ ಹೊರಬಂತು. ಅಮೆರಿಕದಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಗಂಡ ಹೆಂಡತಿ ಮತ್ತೆ ಕೂಡಲು ಯತ್ನಿಸಿದರಾದರೂ ಅದು ಕೈಗೂಡದೆ 1977ರ ಜೂನ್‌ನಲ್ಲಿ ವಿಚ್ಛೇದನವಾಯಿತು.

ಇವು ತಮ್ಮ ಸಂಸಾರದ ಹಾಡುಗಳೆಂಬುದನ್ನು ಡಿಲನ್ ಒಪ್ಪಿಲ್ಲ. 2004ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ, ರಷ್ಯದ ಲೇಖಕ ಚೆಕಾಫ್ ಅವರ ಕಥೆಗಳನ್ನು ಆಧರಿಸಿ ತಾವು ಒಂದು ಇಡೀ ಆಲ್ಬಮ್ ಮಾಡಿದುದಾಗಿಯೂ ವಿಮರ್ಶಕರು ಅದನ್ನು ಆತ್ಮಚರಿತ್ರೆ ಎಂದು ಭಾವಿಸಿದರೆಂದೂ ಬರೆದಿದ್ದಾರೆ. ಓದಿದವರೆಲ್ಲ ಅದು ಈ ಆಲ್ಬಮ್ಮೇ ಎಂದು ತಿಳಿದರು. ಆದರೂ 1975ರಲ್ಲಿ ಗಾಯಕಿ ಮೇರಿ ಟ್ರಾವರ್ಸ್ ಅವರೊಂದಿಗೆ ರೇಡಿಯೊದಲ್ಲಿ ಮಾತನಾಡುತ್ತಾ ಅವರು ಇನ್ನೊಂದು ಮಾತು ಹೇಳಿದ್ದರು: ಈ ಆಲ್ಬಮ್ಮನ್ನು ಬಹಳ ಆನಂದಿಸಿದೆವೆಂದು ಜನ ಹೇಳುತ್ತಾರೆ, ಅಂಥ ನೋವನ್ನು ಜನ ಹೇಗೆ ಆನಂದಿಸುತ್ತಾರೋ ತಮಗೆ ತಿಳಿಯದು ಎಂದು. ಚೆಕಾಫ್ ಇರಲಿ, ಇನ್ನಾರೇ ಇರಲಿ, ನೋವಂತೂ ಸುಳ್ಳಾಗಿರಲಿಲ್ಲ.

ಹಾಡುವುದು ತಪ್ಪೇ?

ಮೊದಲು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಮನೆಯ ಮಾತು ಮನೆಯಲ್ಲೇ ಇರಲಿ, ಸಂಸಾರದ ಗುಟ್ಟು ವ್ಯಾಧಿಯ ರಟ್ಟು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಮಾತಿನಲ್ಲಿ ವಿವೇಕವಿದೆ. ಆದರೆ ಅದರ ನೆರಳಲ್ಲಿ ಎಷ್ಟೋ ಕಣ್ಣೀರು ಹೆಪ್ಪುಗಟ್ಟಿದೆ ಎಂಬುದೂ ನಿಜ. ಸಂಸಾರ ಒಡೆದ ಮನೆಯವರು ದೇವಾಲಯಕ್ಕೆ ತಡವಾಗಿ ಬಂದು, ಕೊನೆಯ ಸಾಲಿನಲ್ಲಿ ಕುಳಿತು, ಅಂತಿಮ ಆಶೀರ್ವಾದಕ್ಕೆ ಮುಂಚೆಯೇ ಎದ್ದು ಹೋಗುವುದನ್ನು ನಾನು ನೋಡಿದ್ದೇನೆ. ಯಾರಾದರೂ ಏನಾದರೂ ಕೇಳಿಬಿಟ್ಟಾರೆಂಬ ಭಯ.

ಪವಿತ್ರ ಗ್ರಂಥ ಈ ವಿಷಯದಲ್ಲಿ ನಮಗಿಂತ ಧೈರ್ಯಶಾಲಿ. ನೂರೈವತ್ತು ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟದ ಕೀರ್ತನೆಗಳೇ. ಐವತ್ತೈದನೆಯ ಕೀರ್ತನೆ ಹಗೆಯ ಏಟಿಗಿಂತ ಆಪ್ತನ ದ್ರೋಹ ಎಷ್ಟು ಕ್ರೂರವೆಂದು ಅಳುತ್ತದೆ. ಎಂಬತ್ತೆಂಟನೆಯ ಕೀರ್ತನೆಯಂತೂ ಭರವಸೆಯ ಒಂದು ಮಾತನ್ನೂ ಆಡದೆ ಕತ್ತಲೆಯಲ್ಲೇ ಮುಗಿದುಬಿಡುತ್ತದೆ. ಧರ್ಮಸಭೆ ಇವುಗಳನ್ನು ತೆಗೆದುಹಾಕಲಿಲ್ಲ. ತನ್ನ ದಿನನಿತ್ಯದ ಪ್ರಾರ್ಥನೆಯಲ್ಲಿ ಸೇರಿಸಿಕೊಂಡಿತು. ಆದ್ದರಿಂದ ಮುರಿದುಬಿದ್ದ ಬಾಳನ್ನು ಕುರಿತು ಒಬ್ಬ ಹಾಡುಗಾರ ಹಾಡಿದನೆಂದರೆ ಅದು ತಾನಾಗಿ ಅಧರ್ಮವಾಗುವುದಿಲ್ಲ. ಅತ್ತವನ ಎದೆ ಹಗುರಾಗುತ್ತದೆ. ಅದೇ ನೋವಿನಲ್ಲಿರುವ ಇನ್ನೊಬ್ಬನಿಗೆ ತಾನು ಒಂಟಿಯಲ್ಲ ಎಂಬ ಸಮಾಧಾನವೂ ದೊರೆಯುತ್ತದೆ.

ಕಥೆಯೊಳಗಿನ ಮೂಕರು

ಆದರೆ ಹಾಡುವ ಹಕ್ಕನ್ನು ಒಪ್ಪಿದ ಮೇಲೂ ಆ ಹೆಣ್ಣುಮಗಳ ಪ್ರಶ್ನೆ ಉಳಿಯುತ್ತದೆ. ಸಾರಾ ಅವರು ತಮ್ಮ ಪಾಲಿನ ಕಥೆಯನ್ನು ಲೋಕದ ಮುಂದೆ ಇಡಲು ಹೋಗಲಿಲ್ಲ. ಗಂಡನ ಹಾಡುಗಳನ್ನು ಲಕ್ಷಾಂತರ ಜನ ಕೇಳಿದ್ದಾರೆ. ಹೆಂಡತಿಯ ಮೌನವನ್ನು ಎಷ್ಟು ಮಂದಿ ಕೇಳಿದರು?

ಮಕ್ಕಳ ಪಾಡನ್ನೂ ನೋಡಿ. ಕಿರಿಯ ಮಗ ಜೇಕಬ್ ಆಲ್ಬಮ್ ಹೊರಬಂದಾಗ ಐದು ವರ್ಷದ ಬಾಲಕ. ಮುಂದೆ ಅವರೂ ಹೆಸರಾಂತ ಗಾಯಕರಾದರು. 2005ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯೊಂದಿಗೆ ಮಾತನಾಡುತ್ತಾ, ತಂದೆಯ ಬೇರೆ ಹಾಡುಗಳನ್ನು ತಾವೂ ಎಲ್ಲರಂತೆ ತಲೆದೂಗುತ್ತಾ ಕೇಳುವುದಾಗಿಯೂ, ಈ ಆಲ್ಬಮ್ ಮಾತ್ರ ತಮಗೆ ತಮ್ಮ ತಂದೆ ತಾಯಿಯರ ವಿಷಯವೆಂದೂ ಹೇಳಿದರು. ನಮಗೆ ಕಲೆಯಾಗಿ ಕೇಳಿಸಿದ್ದು ಆ ಮಗನಿಗೆ ಮನೆಯ ಒಳಗಿನ ದನಿಯಾಗಿ ಕೇಳಿಸಿತು. ನನ್ನ ಪ್ರಬೋಧನೆಗೆ ಇಡೀ ದೇವಾಲಯ ಕಣ್ಣೊರೆಸಿಕೊಳ್ಳುತ್ತಿದ್ದಾಗ ಒಬ್ಬ ಮಗಳು ಮಾತ್ರ ಬೆವರುತ್ತಾ ಕುಳಿತಿದ್ದಳಲ್ಲ, ಹಾಗೆ.

ಇದೇನೂ ಹೊಸ ಸಂಕಟವಲ್ಲ. ತನ್ನ ಮುರಿದ ದಾಂಪತ್ಯವನ್ನು ಜನರ ಮುಂದೆ ಹಾಡಿದವರಲ್ಲಿ ಪ್ರವಾದಿ ಹೋಶೇಯನೂ ಒಬ್ಬ. ಅವನ ನೋವು ದೇವರ ನೋವಿನ ಸಂಕೇತವಾಯಿತು. ನಾವು ಆ ಗ್ರಂಥವನ್ನು ಪೂಜ್ಯಭಾವದಿಂದ ಓದುತ್ತೇವೆ. ಆದರೂ ಗಮನಿಸಿ: ಆ ಗ್ರಂಥದಲ್ಲಿ ಹೆಂಡತಿ ಗೋಮೆರಳು ತನ್ನ ಪರವಾಗಿ ಮಾತನಾಡುವ ಅವಕಾಶವೇ ಇಲ್ಲ. ಮಕ್ಕಳಿಗಂತೂ ಹೆತ್ತವರ ಮುರಿತವೇ ಹೆಸರಾಗಿಬಿಟ್ಟಿತು. ಒಬ್ಬಳ ಹೆಸರು ಕರುಣೆಗೆ ಪಾತ್ರಳಲ್ಲದವಳು ಎಂದು, ಇನ್ನೊಬ್ಬನದು ನನ್ನ ಜನರಲ್ಲದವನು ಎಂದು. ಆ ಹೆಸರನ್ನು ಹೊತ್ತು ಬೀದಿಯಲ್ಲಿ ಆಡಲು ಹೋದ ಮಕ್ಕಳ ಸ್ಥಿತಿ ಹೇಗಿದ್ದೀತು? ಎರಡನೆಯ ಅಧ್ಯಾಯದಲ್ಲಿ ದೇವರೇ ಆ ಹೆಸರುಗಳನ್ನು ತಿರುಗಿಸುತ್ತಾರೆ. ಕರುಣೆ ಕಾಣದವಳು ಕರುಣೆ ಕಾಣುತ್ತಾಳೆ, ಪರರಾದವರು ಸ್ವಂತ ಜನರಾಗುತ್ತಾರೆ. ದಾಂಪತ್ಯದ ಗಾಯ ವಾಸಿಯಾಗುವ ಗುರುತು ಮಕ್ಕಳ ಹೆಸರು ವಾಸಿಯಾಗುವುದರಲ್ಲಿ ಕಾಣಿಸುತ್ತದೆ ಎಂಬುದು ನನಗೆ ತಡವಾಗಿ ಹೊಳೆದ ಸತ್ಯ.

ಒಬ್ಬರ ಕಥೆಗೆ ಮಾತ್ರ ಕಿವಿಗೊಡುವ ಪ್ರವೃತ್ತಿ ಹಾಡುಗಳಲ್ಲಿ ಮಾತ್ರ ಇದೆಯೆಂದಲ್ಲ. ನಮ್ಮ ದೇಶದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯ ಪ್ರಕಾರ, ಹೆಂಡತಿಯ ವ್ಯಭಿಚಾರವೊಂದನ್ನೇ ಕಾರಣವಾಗಿಟ್ಟು ಗಂಡ ನ್ಯಾಯಾಲಯಕ್ಕೆ ಹೋಗಬಹುದಿತ್ತು. ಹೆಂಡತಿಗಾದರೋ ಗಂಡನ ವ್ಯಭಿಚಾರ ಮಾತ್ರ ಸಾಮಾನ್ಯವಾಗಿ ಸಾಲುತ್ತಿರಲಿಲ್ಲ, ಅದರ ಜೊತೆಗೆ ಕ್ರೌರ್ಯವನ್ನೋ ತ್ಯಜಿಸಿಹೋದದ್ದನ್ನೋ ಸಾಬೀತುಪಡಿಸಬೇಕಿತ್ತು. ಈ ಅಸಮಾನತೆ ತೊಲಗಲು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಸಂಸ್ಕಾರವಾಗಿ ವಿವಾಹ ಬಿಡಿಸಲಾಗದ ಬಂಧನವೆಂಬ ನಮ್ಮ ವಿಶ್ವಾಸ ಬೇರೆ ಮಾತು. ಆದರೆ ನೊಂದ ಇಬ್ಬರಲ್ಲಿ ಒಬ್ಬರ ಮಾತಿಗೆ ಹೆಚ್ಚು ತೂಕ ಕೊಡುವುದು ಯಾವ ಧರ್ಮಕ್ಕೂ ಒಪ್ಪುವ ಸಂಗತಿಯಲ್ಲ.

'ನೀನು' ಎಂಬಲ್ಲಿಂದ 'ನಾವು' ಎಂಬಲ್ಲಿಗೆ

ಹಾಗಾದರೆ ಇಬ್ಬರ ನೋವನ್ನು ಒಬ್ಬರು ಹೇಳುವ ಸರಿಯಾದ ಮಾರ್ಗವೇ ಇಲ್ಲವೇ? ಈ ಆಲ್ಬಮ್ಮಿನಲ್ಲೇ ಒಂದು ಸುಳಿವು ಇದೆ ಎಂದು ನನಗೆ ತೋರುತ್ತದೆ.

ಅದರ ಮೊದಲ ಹಾಡನ್ನು ನ್ಯೂಯಾರ್ಕ್‌ನಲ್ಲಿ ಮುದ್ರಿಸಿದಾಗ ಕಥಾನಾಯಕ ಬಹುಪಾಲು 'ಅವನು' ಆಗಿದ್ದ. ಮಿನಿಯಾಪೊಲಿಸ್‌ನಲ್ಲಿ ಮತ್ತೆ ಹಾಡಿದಾಗ ಅವನು 'ನಾನು' ಆದ. ಹಳೆಯ ಮುದ್ರಣಗಳೂ 2018ರಲ್ಲಿ ಬಿಡುಗಡೆಯಾದುದರಿಂದ ಎರಡನ್ನೂ ಕೇಳಿ ಹೋಲಿಸಬಹುದು. ಯಾರೋ ಮೂರನೆಯವನ ಕಥೆಯೆಂಬಂತೆ ಹೇಳುವುದನ್ನು ಬಿಟ್ಟು, ಇದು ನನ್ನದೇ ಎಂದು ಹೊಣೆ ಹೊರುವುದು ಮೊದಲ ಹೆಜ್ಜೆ. ಪಾಪನಿವೇದನೆಯೂ ಅಲ್ಲಿಂದಲೇ ಆರಂಭವಾಗುತ್ತದೆ.

ಇನ್ನೊಂದು ಹಾಡು 'ಈಡಿಯಟ್ ವಿಂಡ್'. ಎಂಟು ನಿಮಿಷಕ್ಕೆ ಸ್ವಲ್ಪ ಕಡಿಮೆ ಇರುವ ಆ ಹಾಡಿನ ಉದ್ದಕ್ಕೂ ಕಹಿ, ಕೋಪ, ನಿಂದೆ. ಎದುರಿಗಿರುವವಳನ್ನು ಬಾಯಿಗೆ ಬಂದಂತೆ ಬಯ್ಯುತ್ತಾ ಸಾಗುತ್ತದೆ. ಒಬ್ಬ ಗಂಡ ಹೀಗೆ ಮಾತನಾಡುವುದನ್ನು ನಾನು ಗುರುಮನೆಯಲ್ಲಿ ಕೇಳಿದ್ದರೆ ನಿಲ್ಲಿಸು ಎನ್ನುತ್ತಿದ್ದೆ. ಆದರೆ ಕೊನೆಯ ಪಲ್ಲವಿಯಲ್ಲಿ ಸರ್ವನಾಮ ಬದಲಾಗುತ್ತದೆ. ಅಲ್ಲಿಯವರೆಗೆ 'ನೀನು' ಇದ್ದ ಜಾಗಕ್ಕೆ 'ನಾವು' ಬರುತ್ತದೆ. ಮೂರ್ಖತನ ಅವಳೊಬ್ಬಳದಲ್ಲ, ನಮ್ಮಿಬ್ಬರದು ಎಂಬ ಒಪ್ಪಿಗೆ. ಒಂದು ಪದದ ವ್ಯತ್ಯಾಸ. ಆದರೆ ದೂರು ಗೋಳಾಟವಾಗಿ ಮಾರ್ಪಡುವುದು ಅಲ್ಲಿಯೇ. ದೂರು ಇನ್ನೊಬ್ಬರತ್ತ ಬೆರಳು ತೋರಿಸುತ್ತದೆ. ಗೋಳಾಟ ದೇವರ ಮುಂದೆ ಮಂಡಿಯೂರುತ್ತದೆ, ಪಕ್ಕದಲ್ಲಿ ಇನ್ನೊಬ್ಬರಿಗೂ ಮಂಡಿಯೂರಲು ಸ್ಥಳ ಬಿಡುತ್ತದೆ.

ಇಂಗ್ಲೆಂಡಿನ ರಿಚರ್ಡ್ ಮತ್ತು ಲಿಂಡಾ ಥಾಮ್ಸನ್ ದಂಪತಿಯ 'ಶೂಟ್ ಔಟ್ ದ ಲೈಟ್ಸ್' ಎಂಬ ಆಲ್ಬಮ್ಮನ್ನೂ ಇಲ್ಲಿ ನೆನೆಯಬಹುದು. 1982ರಲ್ಲಿ ಅದು ಹೊರಬರುವ ಹೊತ್ತಿಗೆ ಅವರ ದಾಂಪತ್ಯ ಮುರಿದಿತ್ತು. ಆದರೂ ಒಪ್ಪಿಕೊಂಡಿದ್ದ ಅಮೆರಿಕದ ಪ್ರವಾಸಕ್ಕೆ ಇಬ್ಬರೂ ಜೊತೆಯಾಗಿ ಹೋಗಿ ಒಂದೇ ವೇದಿಕೆಯಲ್ಲಿ ಹಾಡಿದರು. ಹಾಡುಗಳು ಬೇರ್ಪಡುವ ಮುಂಚೆಯೇ ಹುಟ್ಟಿದವು. ಆದರೆ ಕೇಳುವವರು ಅವುಗಳಲ್ಲಿ ವಿಚ್ಛೇದನವನ್ನೇ ಕಂಡರು. ಅಲ್ಲಿ ಕನಿಷ್ಠ ಪಕ್ಷ ಎರಡು ದನಿಗಳಿದ್ದವು.

ಇಲ್ಲೊಂದು ಎಚ್ಚರಿಕೆ ಅಗತ್ಯ. 'ನಾವು' ಎಂಬ ಪದವನ್ನು ಎಲ್ಲೆಡೆ ಹೇರಬಾರದು. ಕುಡಿದು ಬಂದು ಹೊಡೆಯುವ ಗಂಡನ ಕೈಯಿಂದ ಮಕ್ಕಳನ್ನು ಉಳಿಸಿಕೊಳ್ಳಲು ಮನೆ ಬಿಟ್ಟ ತಾಯಿಗೆ "ತಪ್ಪು ನಿಮ್ಮಿಬ್ಬರದೂ" ಎಂದು ಹೇಳುವುದು ಎರಡನೆಯ ಏಟು. 2016ರ 'ಅಮೋರಿಸ್ ಲೆತೀಸಿಯ' ಪ್ರಬೋಧನ ಪತ್ರದಲ್ಲಿ ಫ್ರಾನ್ಸಿಸ್ ಜಗದ್ಗುರುಗಳು, ದುರ್ಬಲರಾದ ಸಂಗಾತಿಯನ್ನೋ ಮಕ್ಕಳನ್ನೋ ಹಿಂಸೆಯಿಂದ ಕಾಪಾಡಬೇಕಾದಾಗ ಬೇರೆಯಾಗಿ ಬಾಳುವುದು ನೈತಿಕವಾಗಿ ಅವಶ್ಯಕವೂ ಆಗಬಹುದೆಂದು ನೆನಪಿಸಿದ್ದಾರೆ. ಅಂಥ ಕಡೆ ನ್ಯಾಯವೇ ಮೊದಲ ಪ್ರೀತಿ. 'ನಾವು' ಎಂಬುದು ತಪ್ಪು ಮಾಡಿದವನು ತಾನಾಗಿ ಆಡಬೇಕಾದ ಮಾತು; ನೊಂದವಳ ಬಾಯಿಗೆ ಹೊರಗಿನವರು ತುರುಕಬೇಕಾದ ಮಾತಲ್ಲ.

ಕೇಳುವವರ ಹೊಣೆ

ಪ್ರಿಯ ಓದುಗರೇ, ನಮ್ಮಲ್ಲಿ ಆಲ್ಬಮ್ ಮಾಡುವವರು ವಿರಳ. ಆದರೆ ಕೇಳುವವರು, ಹೇಳುವವರು ನಾವೆಲ್ಲರೂ. ಧರ್ಮಕೇಂದ್ರದಲ್ಲಿ ಒಂದು ಸಂಸಾರ ಒಡೆದರೆ ಭಾನುವಾರದ ಬಲಿಪೂಜೆ ಮುಗಿದು ಅಂಗಳ ದಾಟುವಷ್ಟರಲ್ಲಿ ಆ ಕಥೆಗೆ ನಾಲ್ಕು ಕೈಕಾಲು ಮೂಡಿರುತ್ತವೆ. ಅಯ್ಯೋ ಪಾಪ ಎನ್ನುತ್ತಲೇ ನಾವು ಅದನ್ನು ಸವಿಯುತ್ತೇವೆ. ಡಿಲನ್ ಅವರಿಗೆ ಅರ್ಥವಾಗದೆ ಹೋದದ್ದು ಇದೇ. ಪರರ ನೋವನ್ನು ಕೇಳಿ ಕಣ್ಣೀರು ಬಂದ ಮಾತ್ರಕ್ಕೆ ಅದು ಕರುಣೆಯಾಗಲಾರದು. ಆ ಕಣ್ಣೀರು ನಮ್ಮನ್ನು ಅವರ ಮನೆಯ ಬಾಗಿಲಿಗೆ ಕರೆದೊಯ್ದರೆ, ಅವರ ಮಕ್ಕಳನ್ನು ಧರ್ಮೋಪದೇಶದ ತರಗತಿಯಲ್ಲಿ ನಮ್ಮ ಮಕ್ಕಳ ಪಕ್ಕ ಕೂರಿಸಿದರೆ, ಹಬ್ಬದ ದಿನ ಊಟಕ್ಕೆ ಕರೆದರೆ, ಆಗ ಅದು ಕರುಣೆ. ಸಮಾರಿಯದ ಸ್ತ್ರೀಯ ಐದು ಮದುವೆಗಳ ವಿಷಯ ಯೇಸುಸ್ವಾಮಿಗೆ ತಿಳಿದಿತ್ತು. ಅವರು ಅದನ್ನು ಊರಿಗೆ ಹೇಳಲಿಲ್ಲ. ಅವಳೊಂದಿಗೆ ಮಾತ್ರ ಮಾತನಾಡಿದರು. ಊರಿಗೆ ಹೇಳಿದವಳು ಅವಳೇ, ತನ್ನ ಇಚ್ಛೆಯಿಂದ, ಸಂತೋಷದಿಂದ.

ಆ ಹಬ್ಬದ ಮರುವಾರ ನಾನು ಆ ಹೆಣ್ಣುಮಗಳ ಕ್ಷಮೆ ಕೇಳಿದೆ. ಅವಳ ತಾಯಿ ಇರುವ ಊರಿನ ವಿಳಾಸ ಪಡೆದು, ಕೆಲವು ತಿಂಗಳ ನಂತರ ಹೋಗಿ ಅವರನ್ನೂ ಕಂಡೆ. ಅವರು ಎರಡು ಗಂಟೆ ಮಾತನಾಡಿದರು, ನಾನು ಕೇಳಿದೆ. ಜಗಲಿಯಲ್ಲಿ ನಾನು ಕೇಳಿದ್ದ ಕಥೆಗೂ ಇದಕ್ಕೂ ಆ ಜಪಸರವೊಂದನ್ನು ಬಿಟ್ಟು ಹೋಲಿಕೆ ಕಡಿಮೆ. ತಂದೆ ಈಗ ಪ್ರಭುವಿನಲ್ಲಿ ಐಕ್ಯರಾಗಿದ್ದಾರೆ. ಅವರ ಕಣ್ಣೀರೂ ಸುಳ್ಳಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು.

ಈ ಲೇಖನ ಬರೆಯುವ ಮುನ್ನ ತಾಯಿ ಮಗಳಿಬ್ಬರ ಅನುಮತಿ ಕೇಳಿದೆ. ಮಗಳು ಕೂಡಲೇ ಒಪ್ಪಿದಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆಯಿರಿ ಫಾದರ್. ಆದರೆ ನನ್ನ ಪಾಲಿನದನ್ನು ಬರೆಯಬೇಡಿ. ನೀವು ಕೇಳಿದಿರಲ್ಲ, ನನಗೆ ಅಷ್ಟೇ ಸಾಕು" ಎಂದರು.

ಅದರಂತೆ ನಾನು ಅದನ್ನು ಬರೆದಿಲ್ಲ.